ಕೆಮಿಸ್ಟ್ರಿ ತಲೆಗೆ ಹತ್ತಲ್ಲ ಅನ್ನೋ ಫಸ್ಟ್ ಇಯರ್ ಮಕ್ಕಳು: ಫಾಲ್ಟ್ ಎಲ್ಲಿದೆ ಅಂತ ಹುಡುಕೋದು ಹೇಗೆ

ಮೊದಲನೇ ಇಂಟರ್ನಲ್ಸ್ ಪೇಪರ್ ಕೊಟ್ಟ ಮಾರನೇ ದಿನ ಸ್ಟಾಫ್ ರೂಂ ಬಾಗಿಲಲ್ಲಿ ಯಾರಾದ್ರೂ ಒಬ್ರು ನಿಂತೇ ಇರ್ತಾರೆ. ಕೈಯಲ್ಲಿ ನಾಲ್ಕು ಮಡಿಕೆ ಮಡಚಿದ ಪೇಪರ್, 25ಕ್ಕೆ 6 ಅಥವಾ 7, ಬಾಯಲ್ಲಿ ಒಂದೇ ಮಾತು, "ಮೇಡಂ, ನಂಗೆ ಕೆಮಿಸ್ಟ್ರಿ ತಲೆಗೇ ಹತ್ತಲ್ಲ". ನಾನು ಮೊದಲು ಇಂಜಿನಿಯರಿಂಗ್ ಕಾಲೇಜಲ್ಲಿ ಸಿ ಸೈಕಲ್, ಅಂದ್ರೆ ಕೆಮಿಸ್ಟ್ರಿ ಬರೋ ಸೆಮಿಸ್ಟರ್, ಮಕ್ಕಳಿಗೆ ಪಾಠ ಮಾಡ್ತಿದ್ದೆ, ಈಗ ಬಿಎಸ್ಸಿ ಫಸ್ಟ್ ಇಯರ್, ಎರಡೂ ಕಡೆ ಈ ಡೈಲಾಗ್ ಮಾತ್ರ ಬದಲಾಗಿಲ್ಲ.

ನಮ್ಮಪ್ಪ ಪಂಪ್‌ಸೆಟ್ ರಿಪೇರಿ ಮಾಡ್ತಿದ್ರು. ನೀರು ಬರ್ತಿಲ್ಲ ಅಂತ ಯಾರಾದ್ರೂ ಓಡಿ ಬಂದ್ರೆ ಅಪ್ಪ ಮೋಟರ್ ಬಿಚ್ಚೋಕೆ ಹೋಗ್ತಿರ್ಲಿಲ್ಲ, ಮೊದಲು ಮೂರೂ ಫೇಸ್ ಬರ್ತಿದ್ಯಾ ನೋಡೋರು, ಆಮೇಲೆ ಫುಟ್‌ವಾಲ್ವ್‌ನಲ್ಲಿ ಕಸ ಸಿಕ್ಕಿದ್ಯಾ, ಪೈಪಲ್ಲಿ ಗಾಳಿ ಎಳೀತಿದ್ಯಾ, ಇಷ್ಟೂ ಆದ್ಮೇಲೆ ಮೋಟರ್. ಯಾಕಂದ್ರೆ ನೀರು ಬರ್ತಿಲ್ಲ ಅನ್ನೋದು ಬರೀ ಕಂಪ್ಲೇಂಟು, ಫಾಲ್ಟ್ ಇನ್ನೂ ಸಿಕ್ಕಿಲ್ಲ. ಕೆಮಿಸ್ಟ್ರಿ ಬರಲ್ಲ ಅನ್ನೋದೂ ಹಂಗೇ. ನಾವು ಲೆಕ್ಚರರ್‌ಗಳು ಅದಕ್ಕೆ ಕೊಡೋ ಔಷಧಿ ಒಂದೇ, "ಇನ್ನೂ ಜಾಸ್ತಿ ಓದ್ಬೇಕಮ್ಮ". ಫುಟ್‌ವಾಲ್ವ್ ಕಟ್ಟಿಕೊಂಡಿರೋ ಪಂಪಿಗೆ ಮೋಟರ್ ರೀವೈಂಡಿಂಗ್ ಮಾಡಿಸಿದಂಗೆ ಇದು, ಖರ್ಚಾಗತ್ತೆ, ನೀರು ಬರಲ್ಲ.

ಮೊದಲು ಪೆನ್ ಎಲ್ಲಿ ನಿಲ್ಲತ್ತೆ ನೋಡಿ

ನಾನು ಎಲ್ರಿಗೂ ಒಂದೇ ಲೆಕ್ಕ ಕೊಡ್ತೀನಿ, ಇದು ನನ್ನ ಟೆಸ್ಟರ್ ಇದ್ದಂಗೆ. 4 ಗ್ರಾಂ ಹೈಡ್ರೋಜನ್ ಗ್ಯಾಸು, 4 ಗ್ರಾಂ ಆಕ್ಸಿಜನ್ ಗ್ಯಾಸು, ಎರಡನ್ನೂ ಸೇರಿಸಿ ಉರಿಸಿದ್ರೆ ಎಷ್ಟು ಗ್ರಾಂ ನೀರು ಬರತ್ತೆ. ಎದುರಿಗೆ ಕೂತು, ಬಾಯ್ಬಿಟ್ಟು ಹೇಳ್ತಾ ಬರೀಬೇಕು, ನಾನು ಮೂರು ನಿಮಿಷ ತುಟಿ ಬಿಚ್ಚಲ್ಲ. ಈ ಮೂರು ನಿಮಿಷ ಸುಮ್ನಿರೋದು ಲೆಕ್ಚರರ್ ಆದವರಿಗೆ ಬಹಳ ಕಷ್ಟದ ಕೆಲಸ, ಕೈ ತುರಿಸತ್ತೆ, ಆದ್ರೂ ಇರ್ಬೇಕು, ಮಧ್ಯ ಬಾಯಿ ಹಾಕಿದ್ರೆ ಫಾಲ್ಟ್ ಮುಚ್ಚಿಹೋಗತ್ತೆ.

ಸರಿ ಉತ್ತರ 4.5 ಗ್ರಾಂ. 3.5 ಗ್ರಾಂ ಹೈಡ್ರೋಜನ್ ಹಂಗೇ ಉಳಿಯತ್ತೆ. ಆದ್ರೆ ನಂಗೆ ಬೇಕಾಗಿರೋದು ತಪ್ಪು ಉತ್ತರಗಳು. ಕೆಲವರು ಸೀದಾ 8 ಗ್ರಾಂ ಅಂತಾರೆ, ಕೂಡಿಸಿಬಿಟ್ರು ಅಷ್ಟೇ. ಕೆಲವರು ಹೈಡ್ರೋಜನ್ 2 ಮೋಲ್ (ಮೋಲ್ ಅಂದ್ರೆ ಡಜನ್ ಥರ, ಅಣು ಎಣಿಸೋ ಒಂದು ಲೆಕ್ಕ), ಹಂಗಾದ್ರೆ ನೀರೂ 2 ಮೋಲ್, 36 ಗ್ರಾಂ ಅಂತ ನೀಟಾಗಿ ಡಬಲ್ ಅಂಡರ್‌ಲೈನ್ ಹಾಕ್ತಾರೆ, ಒಟ್ಟು ಸಾಮಾನು ಇದ್ದಿದ್ದೇ 8 ಗ್ರಾಂ, ಅದರಿಂದ 36 ಗ್ರಾಂ ಹೆಂಗೆ ಬಂತು ಅಂತ ಒಂದು ಕ್ಷಣನೂ ಅನ್ಸಲ್ಲ. ಕೆಲವರು 4 ಭಾಗಿಸು 1, 4 ಭಾಗಿಸು 16 ಅಂತ ಶುರು ಮಾಡ್ತಾರೆ, ಅಂದ್ರೆ ಗ್ಯಾಸಲ್ಲಿ ಪರಮಾಣುಗಳು ಜೋಡಿ ಜೋಡಿಯಾಗಿರತ್ತೆ ಅನ್ನೋದು ಇನ್ನೂ ತಲೆಗೆ ಹೋಗಿಲ್ಲ. ಇನ್ನು ಕೆಲವರು ಪ್ರಶ್ನೆನ ಎರಡು ಸಲ ಓದಿ ಪೆನ್ ಕ್ಯಾಪ್ ಕಚ್ಕೊಂಡು ಕೂರ್ತಾರೆ. ಮಾರ್ಕ್ಸ್ ಕೊಡುವಾಗ ನಾಲ್ವರಿಗೂ ಸೊನ್ನೆನೇ. ಫಾಲ್ಟ್ ಮಾತ್ರ ನಾಲ್ಕೂ ಬೇರೆ ಬೇರೆ.

ಲಕ್ಷಣ: ಪೆನ್ ಶುರುವೇ ಆಗಲ್ಲ

ಇಲ್ಲಿ ಒಂದು ಸಣ್ಣ ಟೆಸ್ಟ್ ಇದೆ, ಅದೇ ಪ್ರಶ್ನೆನ ಕನ್ನಡದಲ್ಲಿ ಕೇಳಿ. ತಕ್ಷಣ ಕೈ ಓಡೋಕೆ ಶುರುವಾದ್ರೆ ಫಾಲ್ಟ್ ಕೆಮಿಸ್ಟ್ರಿಲಿ ಇಲ್ಲ, ಇಂಗ್ಲಿಷಲ್ಲಿದೆ. ಎಸ್ಸೆಸ್ಸೆಲ್ಸಿ ತನಕ ಕನ್ನಡ ಮೀಡಿಯಂ ಓದಿದ ಮಕ್ಕಳಿಗೆ ಉತ್ಕರ್ಷಣ, ಅಪಕರ್ಷಣ, ಪ್ರತ್ಯಾಮ್ಲ, ಧಾತು, ಸಂಯುಕ್ತ ಎಲ್ಲಾ ಗೊತ್ತು, ಚೆನ್ನಾಗೇ ಗೊತ್ತು, ಪಿಯುಸಿಗೆ ಬರ್ತಿದ್ದಂಗೆ ಅವೆಲ್ಲಾ ಆಕ್ಸಿಡೇಷನ್ ರಿಡಕ್ಷನ್ ಬೇಸ್ ಎಲಿಮೆಂಟ್ ಕಾಂಪೌಂಡ್ ಆಗಿಬಿಟ್ಟು, ಹಳೇ ಗಂಟಿಗೂ ಹೊಸ ಗಂಟಿಗೂ ಯಾರೂ ದಾರ ಕಟ್ಟಿಕೊಟ್ಟಿರಲ್ಲ, ಪಿಯು ಎರಡು ವರ್ಷ ಬಾಯಿಪಾಠದಲ್ಲಿ ಹೆಂಗೋ ಕಳೆದು ಡಿಗ್ರಿಗೆ ಬಂದು ಸಿಕ್ಕಿಹಾಕೊಳ್ತಾರೆ. ಹೋದ ವರ್ಷ ಒಬ್ಬಳು ಹುಡುಗಿ ಬಹಳ ಸಂಕೋಚದಿಂದ ಕೇಳಿದ್ಲು, "ಮೇಡಂ, ರೆಸ್ಪೆಕ್ಟಿವ್ಲಿ ಅಂದ್ರೆ ಮರ್ಯಾದೆಯಿಂದ ಅಂತನಾ?" ನಗು ಬಂತು, ತಡ್ಕೊಂಡೆ. ಎ ಮತ್ತು ಬಿ ದ್ರಾವಣದ ಸಾಂದ್ರತೆ ಕ್ರಮವಾಗಿ ಇಷ್ಟಿಷ್ಟು ಅನ್ನೋ ಪ್ರಶ್ನೆನ ಅವಳು ಎರಡು ವರ್ಷದಿಂದ ಮರ್ಯಾದೆ ಅಂತ ಓದ್ಕೊಂಡು ಬಂದಿದಾಳೆ, ಯಾವ ಸಂಖ್ಯೆ ಯಾವ ದ್ರಾವಣದ್ದು ಅಂತ ಊಹೆ ಮೇಲೆ ಹಾಕ್ತಿದ್ಲು.

ಇನ್ನೊಂದು ಜಾತಿ ಪದ ಇದೆ, ಇದು ಇಂಗ್ಲಿಷ್ ಮೀಡಿಯಂ ಮಕ್ಕಳನ್ನೂ ಬೀಳಿಸತ್ತೆ, ದಿನಬಳಕೆಲಿ ಒಂದು ಅರ್ಥ ಲ್ಯಾಬಲ್ಲಿ ಇನ್ನೊಂದು ಅರ್ಥ. ಸ್ಟ್ರಾಂಗ್ ಅನ್ನೋದು ಅದರಲ್ಲಿ ಮೊದಲನೇದು. ನಾವು ಸ್ಟ್ರಾಂಗ್ ಕಾಫಿ ಅಂದ್ರೆ ಡಿಕಾಕ್ಷನ್ ಜಾಸ್ತಿ ಹಾಕಿದ ಕಾಫಿ, ಅಂದ್ರೆ ಕಾನ್ಸಂಟ್ರೇಟೆಡ್. ಸ್ಟ್ರಾಂಗ್ ಆ್ಯಸಿಡ್ ಅಂದ್ರೆ ಅದಲ್ಲ, ನೀರಲ್ಲಿ ಪೂರ್ತಿ ಅಯಾನ್ ಆಗಿ ಒಡೆಯೋ ಆ್ಯಸಿಡ್. ಹೈಡ್ರೋಕ್ಲೋರಿಕ್ ಆ್ಯಸಿಡ್‌ನ ಎಷ್ಟೇ ನೀರು ಹಾಕಿ ತೆಳ್ಳಗೆ ಮಾಡಿದ್ರೂ ಅದು ಸ್ಟ್ರಾಂಗೇ, ವಿನಿಗರ್‌ನಲ್ಲಿರೋ ಅಸಿಟಿಕ್ ಆ್ಯಸಿಡ್‌ನ ನೀರಿಲ್ಲದೆ ಬಾಟ್ಲಲ್ಲಿ ಶುದ್ಧವಾಗಿ ಇಟ್ರೂ ಅದು ವೀಕೇ. ಕಾಫಿ ಉದಾಹರಣೆ ಹೇಳಿದ್ಮೇಲೆ ಇದನ್ನ ತಪ್ಪು ಬರೆದವರನ್ನ ನಾನು ಹೆಚ್ಚು ನೋಡಿಲ್ಲ.

ರಿಪೇರಿ ಏನಂದ್ರೆ ಒಂದು 40 ಪುಟದ ನೋಟ್‌ಬುಕ್, ಎಡಕ್ಕೆ ಹೈಸ್ಕೂಲಿನ ಕನ್ನಡ ಪದ, ಬಲಕ್ಕೆ ಇಂಗ್ಲಿಷ್ ಪದ, ಕೆಳಗೆ ಸ್ವಂತ ಒಂದು ಉದಾಹರಣೆ. ಲೆಕ್ಕ ಮಾಡೋ ಮುಂಚೆ ಕೊಟ್ಟಿರೋದು ಏನು, ಕೇಳಿರೋದು ಏನು ಅಂತ ಎರಡೇ ಸಾಲು, ಬೇಕಾದ್ರೆ ಕನ್ನಡದಲ್ಲೇ, ಬರ್ಕೊಳ್ಳೋದು. ಪರೀಕ್ಷೆಲಿ ರಫ್ ವರ್ಕ್ ಯಾವ ಭಾಷೆಲಿದೆ ಅಂತ ಯಾರೂ ನೋಡಲ್ಲ.

ಲಕ್ಷಣ: 8 ಗ್ರಾಂ ಅಥವಾ 36 ಗ್ರಾಂ

ಇದು ಅನುಪಾತದ ಫಾಲ್ಟ್. ಇಲ್ಲಿ ಮೋಲ್ ಡೆಫಿನಿಷನ್ ಹೇಳಿಸಿದ್ರೆ ಪಟಪಟ ಹೇಳ್ತಾರೆ, 6.022 ಇಂಟು ಟೆನ್ ಪವರ್ 23 ಅಂತ, 2019ರ ಮೇ 20ರಿಂದ ಆ ಸಂಖ್ಯೆನೇ ಮೋಲ್‌ನ ಡೆಫಿನಿಷನ್, ಮೊದಲಿನಂಗೆ ಇಂಗಾಲ 12ರ ತೂಕದ ಹಂಗೇ ಇಲ್ಲ ಅಂತನೂ ಹೇಳೋರಿದ್ದಾರೆ. ಹೇಳೋಕೆ ಬಂದ್ರೆ ಉಪಯೋಗಿಸೋಕೆ ಬರತ್ತೆ ಅಂತ ನಂಬಬೇಡಿ.

ನಾನು ಹೋಟ್ಲಿಗೆ ಕರ್ಕೊಂಡು ಹೋಗ್ತೀನಿ, ಮಾತಲ್ಲಿ. ಒಂದು ಪ್ಲೇಟ್ ಅಂದ್ರೆ ಎರಡು ಇಡ್ಲಿ ಒಂದು ವಡೆ. ಅಡುಗೆಮನೇಲಿ 50 ಇಡ್ಲಿ ಇದೆ, 20 ವಡೆ ಇದೆ, ಎಷ್ಟು ಪ್ಲೇಟ್ ಕೊಡಬಹುದು? 20 ಅಂತ ಎಲ್ರೂ ಹೇಳ್ತಾರೆ, 10 ಇಡ್ಲಿ ಉಳಿಯತ್ತೆ ಅಂತನೂ ಕೇಳದೇನೇ ಹೇಳ್ತಾರೆ. ಸರಿ, ಈಗ ಭಟ್ರು ಇಡ್ಲಿ ವಡೆ ಎಣಿಸೋದು ಬಿಟ್ಟು ತಕ್ಕಡೀಲಿ ತೂಗಿ ಕೊಟ್ರು ಅನ್ಕೊಳ್ಳಿ, ಇಷ್ಟು ಕೆಜಿ ಇಡ್ಲಿ, ಇಷ್ಟು ಕೆಜಿ ವಡೆ. ಪ್ಲೇಟ್ ಎಷ್ಟು ಅಂತ ಹೇಳೋಕೆ ಏನು ಬೇಕು? ಒಂದು ಇಡ್ಲಿ ಎಷ್ಟು ತೂಗತ್ತೆ ಅಂತ ಬೇಕು ಅಂತಾರೆ. ಅಷ್ಟೇ ಅಲ್ವಾ, ತೂಕನ ಎಣಿಕೆ ಮಾಡ್ಕೊಳ್ಳೋದು, ಎಣಿಕೆಲಿ ಜೋಡಿಸೋದು, ಮತ್ತೆ ತೂಕಕ್ಕೆ ತಿರುಗಿಸೋದು. ಹೈಡ್ರೋಜನ್ ಎರಡು ಇಡ್ಲಿ, ಆಕ್ಸಿಜನ್ ಒಂದು ವಡೆ, ಸೇರಿದ್ರೆ ಎರಡು ನೀರು, ನೀರಿನ ಸಮೀಕರಣ ಇದಕ್ಕೆ ಸರಿಯಾಗಿ ಕೂರತ್ತೆ. 4 ಗ್ರಾಂ ಹೈಡ್ರೋಜನ್ ಅಂದ್ರೆ 2 ಮೋಲ್, 4 ಗ್ರಾಂ ಆಕ್ಸಿಜನ್ ಅಂದ್ರೆ 32ರಿಂದ ಭಾಗಿಸಿ ಬರೀ 0.125 ಮೋಲ್, ವಡೆ ಬಹಳ ಕಮ್ಮಿ ಇದೆ, ಹಂಗಾಗಿ ನೀರು 0.25 ಮೋಲ್, 18ರಿಂದ ಗುಣಿಸಿ 4.5 ಗ್ರಾಂ.

36 ಬರೆದವರಿಗೆ ಇನ್ನೊಂದು ಅಭ್ಯಾಸ ಸೇರಿಸ್ಬೇಕು, ಉತ್ತರ ಬಂದ್ಮೇಲೆ ಅದನ್ನ ಒಂದು ಸಲ ದಿಟ್ಟಿಸಿ ನೋಡೋದು. 10ರ ಘಾತ ಮೈನಸ್ 8 ಮೋಲಾರ್ (ಅಂದ್ರೆ ಲೀಟರಿಗೆ ಅಷ್ಟು ಮೋಲ್) ಹೈಡ್ರೋಕ್ಲೋರಿಕ್ ಆ್ಯಸಿಡ್‌ದು ಪಿಎಚ್ (7ಕ್ಕಿಂತ ಕಮ್ಮಿ ಇದ್ರೆ ಆ್ಯಸಿಡ್, ಜಾಸ್ತಿ ಇದ್ರೆ ಬೇಸ್) ಎಷ್ಟು ಅಂದ್ರೆ ಸೂತ್ರಕ್ಕೆ ಹಾಕಿ 8 ಅಂತ ಬರೆದು ಮುಂದಿನ ಪ್ರಶ್ನೆಗೆ ಹೋಗ್ತಾರೆ. ನೀರಿಗೆ ಆ್ಯಸಿಡ್ ಹಾಕಿದ್ಮೇಲೆ ಅದು ಬೇಸಿಕ್ ಆಗೋಯ್ತಾ? ನೀರಿಂದಾನೇ ಬರೋ ಹೈಡ್ರೋಜನ್ ಅಯಾನ್ ಲೆಕ್ಕಕ್ಕೆ ತಗೊಂಡ್ರೆ 6.98ರ ಹತ್ರ ಬರತ್ತೆ, 7ಕ್ಕಿಂತ ಚೂರೇ ಚೂರು ಕಮ್ಮಿ.

ಕ್ಯಾಲ್ಕುಲೇಟರ್ ಫಾಲ್ಟೂ ಇದರ ಪಕ್ಕದ್ದೇ, ಬೇಗ ಹೇಳಿ ಮುಗಿಸ್ತೀನಿ. 6.022 ಒತ್ತಿ, ಇಂಟು 10 ಒತ್ತಿ, ಆಮೇಲೆ ಇಎಕ್ಸ್‌ಪಿ ಬಟನ್ ಒತ್ತಿ 23 ಒತ್ತಿದ್ರೆ ಉತ್ತರ ಹತ್ತು ಪಟ್ಟು ಜಾಸ್ತಿ ಬರತ್ತೆ, ಯಾಕಂದ್ರೆ ಆ ಬಟನ್‌ನಲ್ಲೇ ಇಂಟು 10 ಸೇರಿದೆ. 36ನ 2 ಇಂಟು 18ರಿಂದ ಭಾಗಿಸುವಾಗ ಬ್ರಾಕೆಟ್ ಹಾಕದೆ ಒತ್ತಿದ್ರೆ 1ರ ಬದಲು 324 ಬರತ್ತೆ. ಎಲ್ಲಾ ಸ್ಟೆಪ್ ಸರಿ ಇದ್ದು ಕೊನೇ ಸಂಖ್ಯೆ ಮಾತ್ರ ವಿಚಿತ್ರವಾಗಿದ್ರೆ ಕ್ಯಾಲ್ಕುಲೇಟರ್ ಈಸ್ಕೊಂಡು ಅವರ ಕೈಲೇ ಒತ್ತಿಸಿ ನೋಡಿ.

ಲಕ್ಷಣ: 4 ಭಾಗಿಸು 1

ಇದು ಆಳದ ಫಾಲ್ಟ್, ಮತ್ತೆ ಇದಕ್ಕೆ ಅರ್ಧ ಕಾರಣ ನಾವೇ. ಗ್ಲಾಸ್ಗೋ ವಿಶ್ವವಿದ್ಯಾಲಯದ ಅಲೆಕ್ಸ್ ಜಾನ್‌ಸ್ಟನ್ ಅನ್ನೋರು 1991ರಲ್ಲಿ ಒಂದು ತ್ರಿಕೋನ ಬರೆದ್ರು, ಒಂದು ಮೂಲೇಲಿ ಕಣ್ಣಿಗೆ ಕಾಣೋದು, ಇನ್ನೊಂದರಲ್ಲಿ ಕಣ್ಣಿಗೆ ಕಾಣದ ಅಣು ಪರಮಾಣು, ಮೂರನೇದ್ರಲ್ಲಿ ಬೋರ್ಡ್ ಮೇಲಿನ ಗುರುತು, ಸೂತ್ರ, ಸಮೀಕರಣ. ನಾವು ಒಂದೇ ಉಸಿರಲ್ಲಿ ಮೂರೂ ಮೂಲೆ ಸುತ್ತಿ ಬರ್ತೀವಿ, "ಬಣ್ಣ ಹೋಯ್ತು ನೋಡಿ, ಯಾಕಂದ್ರೆ ಮ್ಯಾಂಗನೀಸ್ ಎಲೆಕ್ಟ್ರಾನ್ ತಗೊಂಡು ಪ್ಲಸ್ 7ರಿಂದ ಪ್ಲಸ್ 2 ಆಯ್ತು". ನಮಗೆ ಅದು ಒಂದು ವಾಕ್ಯ. ಬೆಂಚಲ್ಲಿ ಕೂತವರಿಗೆ ಮೂರು ಬೇರೆ ಬೇರೆ ಊರು.

ಟೆಸ್ಟ್ ಸುಲಭ. ಅಮೋನಿಯಾ ಆಗೋ ಸಮೀಕರಣ ಬರೆಸಿ, ಒಂದು ನೈಟ್ರೋಜನ್, ಮೂರು ಹೈಡ್ರೋಜನ್, ಎರಡು ಅಮೋನಿಯಾ. ಬ್ಯಾಲೆನ್ಸ್ ಮಾಡೋದ್ರಲ್ಲಿ ಹೆಚ್ಚಿನವರು ಪಾಸ್. ಈಗ ಅದನ್ನೇ ಗೋಲಿ ಚಿತ್ರದಲ್ಲಿ ಬರಿ ಅನ್ನಿ. ಮೂರು ಹೈಡ್ರೋಜನ್ ಅಣು ಅಂದ್ರೆ ಎರಡೆರಡು ಗೋಲಿಯ ಮೂರು ಜೋಡಿ ಬರ್ಬೇಕು, ಆದ್ರೆ ಆರು ಗೋಲಿನ ಸಾಲಾಗಿ ಅಂಟಿಸಿ ರೈಲು ಬೋಗಿ ಥರ ಬರೆಯೋರು ಪ್ರತಿ ಬ್ಯಾಚಲ್ಲೂ ಇರ್ತಾರೆ. 3H₂ ಅಂತ ಬರೆದಾಗ ಮುಂದಿರೋ 3ಕ್ಕೂ ಕೆಳಗಿರೋ ಚಿಕ್ಕ 2ಕ್ಕೂ ಏನು ವ್ಯತ್ಯಾಸ ಅಂತ ಅವರಿಗೆ ಯಾವತ್ತೂ ಹೊಳೆದಿಲ್ಲ, ಎರಡೂ ಬರೀ ಅಂಕಿ, ಎರಡೂ ಕಡೆ ಎಣಿಸಿ ಸಮ ಮಾಡೋದು ಆಟ. ಇದಕ್ಕೆ ನಾನು ಹುಣಸೆ ಬೀಜ, ಕಡಲೆಕಾಳು, ಸ್ವಲ್ಪ ಮೈದಾ ಅಂಟು ತರ್ತೀನಿ. ಡಿಗ್ರಿ ಮಕ್ಕಳಿಗೆ ಅಂಗನವಾಡಿ ಆಟ ಆಡಿಸ್ತಿದೀರ ಅಂತ ಸ್ಟಾಫ್ ರೂಮಲ್ಲಿ ಒಬ್ರು ನಕ್ಕಿದ್ರು, ನಗ್ಲಿ. ಒಂದು ಅರ್ಧ ಗಂಟೆ ಕೈಯಲ್ಲಿ ಜೋಡಿ ಬಿಡಿಸಿ ಜೋಡಿ ಕಟ್ಟಿದ್ಮೇಲೆ 4 ಭಾಗಿಸು 1 ಅಂತ ಬರೆಯೋದು ನಿಂತುಹೋಗತ್ತೆ.

ಲಕ್ಷಣ: ಲ್ಯಾಬಲ್ಲಿ ರೀಡಿಂಗ್ ಹುಚ್ಚುಹುಚ್ಚಾಗಿ ಬರತ್ತೆ

ಆಕ್ಸಾಲಿಕ್ ಆ್ಯಸಿಡ್ ಮತ್ತು ಪರ್ಮಾಂಗನೇಟ್ ಟೈಟ್ರೇಷನ್ನೇ ತಗೊಳ್ಳಿ, ಅಂದ್ರೆ ಫ್ಲಾಸ್ಕಲ್ಲಿರೋ ಆಕ್ಸಾಲಿಕ್ ಆ್ಯಸಿಡ್‌ಗೆ ಬ್ಯೂರೆಟ್ ಅನ್ನೋ ಅಳತೆ ಕೊಳವೆಯಿಂದ ಪರ್ಮಾಂಗನೇಟ್ ಹನಿಹನಿ ಹಾಕಿ, ಪಿಂಕ್ ಬಣ್ಣ ನಿಂತಾಗ (ಅದೇ ಎಂಡ್ ಪಾಯಿಂಟ್) ಎಷ್ಟು ಹಿಡೀತು ಅಂತ ಓದೋದು, ಫಸ್ಟ್ ಇಯರ್‌ನಲ್ಲಿ ಇದರಷ್ಟು ಫಾಲ್ಟ್ ತೋರಿಸೋ ಪ್ರಯೋಗ ಇನ್ನೊಂದಿಲ್ಲ. ಒಬ್ಬ ಹುಡುಗ ಐದೇ ನಿಮಿಷದಲ್ಲಿ ಮುಗಿಸಿ ರೆಕಾರ್ಡ್ ತಂದ. ಬ್ಯೂರೆಟ್ ರೀಡಿಂಗ್ 0.4 ಎಂಎಲ್. ಪಕ್ಕದವನದ್ದು 20ರ ಹತ್ರ ಇದೆ. "ಏನಪ್ಪಾ ಇದು?" ಅಂದೆ. "ಮೇಡಂ, ಪಿಂಕ್ ಬಂತು, ಹೋಗ್ಲೇ ಇಲ್ಲ, ಎಂಡ್ ಪಾಯಿಂಟ್ ಅಂತ ನಿಲ್ಲಿಸ್ದೆ". ಅವನ ಫ್ಲಾಸ್ಕ್ ಮುಟ್ಟಿ ನೋಡಿದೆ, ತಣ್ಣಗಿತ್ತು, ಬಿಸಿನೇ ಮಾಡಿಲ್ಲ. ಸಲ್ಫ್ಯೂರಿಕ್ ಆ್ಯಸಿಡ್ ಹಾಕಿದ್ದ, ಬರ್ನರ್ ಖಾಲಿ ಇರ್ಲಿಲ್ಲ ಅಂತ ಹಂಗೇ ಶುರು ಮಾಡಿದ್ದಾನೆ. ಈ ರಿಯಾಕ್ಷನ್ ತಣ್ಣಗಿದ್ದಾಗ ಬಹಳ ನಿಧಾನ, ಅದಕ್ಕೇ 60ರಿಂದ 70 ಡಿಗ್ರಿ ತನಕ, ಅಂದ್ರೆ ಫ್ಲಾಸ್ಕ್ ಕೈಯಲ್ಲಿ ಹಿಡಿಯೋಕೆ ಕಷ್ಟ ಆಗೋವಷ್ಟು ಬಿಸಿ ಮಾಡೋದು, ಕುದಿಸಬಾರದು ಯಾಕಂದ್ರೆ ಆಕ್ಸಾಲಿಕ್ ಆ್ಯಸಿಡೇ ಒಡೆದು ಹಾಳಾಗತ್ತೆ. ಬಿಸಿ ಮಾಡಿದ್ರೂ ಮೊದಲ ಒಂದೆರಡು ಹನಿ ಬಣ್ಣ ಕಳ್ಕೊಳ್ಳೋಕೆ ಸತಾಯಿಸತ್ತೆ, ಆಮೇಲೆ ಹಾಕ್ತಿದ್ದಂಗೆ ಮಾಯ ಆಗತ್ತೆ, ರಿಯಾಕ್ಷನ್‌ನಲ್ಲಿ ಹುಟ್ಟೋ ಮ್ಯಾಂಗನೀಸ್ ಅಯಾನೇ ಅದಕ್ಕೆ ವೇಗವರ್ಧಕ. ಅವನ ಫ್ಲಾಸ್ಕ್‌ನ ಬಿಸಿ ಮಾಡಿಸಿದೆ, ಇಬ್ಬರೂ ನೋಡ್ತಾ ನಿಂತ್ವಿ, ಪಿಂಕ್ ನಿಧಾನವಾಗಿ ತೆಳುವಾಗಿ ನೀರಿನಂಗೆ ಆಯ್ತು. ಅವನ ಮುಖ ನೋಡ್ಬೇಕಿತ್ತು.

ಫ್ಲಾಸ್ಕ್‌ನಲ್ಲಿ ಕಂದು ಗಷ್ಟು ಬಂದ್ರೆ ಸಲ್ಫ್ಯೂರಿಕ್ ಆ್ಯಸಿಡ್ ಸಾಲದಾಗಿದೆ, ಮ್ಯಾಂಗನೀಸ್ ಡೈಆಕ್ಸೈಡ್ ಕೂತಿದೆ. ಅದರ ಬದಲು ಹೈಡ್ರೋಕ್ಲೋರಿಕ್ ಆ್ಯಸಿಡ್ ಹಾಕಿದ್ರೆ ಪರ್ಮಾಂಗನೇಟ್ ಅದರ ಕ್ಲೋರೈಡ್‌ನೂ ತಿಂದು ರೀಡಿಂಗ್ ಜಾಸ್ತಿ ತೋರಿಸತ್ತೆ. ಬ್ಯೂರೆಟ್‌ನ ಮೂತಿಲಿ ಗಾಳಿಗುಳ್ಳೆ ಇತ್ತಾ, ಮೇಲೆ ಫನಲ್ ಹಂಗೇ ಬಿಟ್ಟು ಮಧ್ಯದಲ್ಲಿ ಹನಿ ಬಿತ್ತಾ, ಕೋನಿಕಲ್ ಫ್ಲಾಸ್ಕ್‌ನ ನೀರಲ್ಲಿ ತೊಳೆಯೋ ಬದಲು ಆಕ್ಸಾಲಿಕ್ ಆ್ಯಸಿಡಲ್ಲೇ ತೊಳೆದ್ರಾ, ಪಿಪೆಟ್‌ನ ಕೊನೇ ಹನಿನ ಊದಿದ್ರಾ, ಇಷ್ಟು ಕೇಳಿ. ಪರ್ಮಾಂಗನೇಟ್ ಬಣ್ಣ ದಟ್ಟ, ಅದಕ್ಕೆ ಮೇಲಿನ ಅಂಚು ಓದ್ಬೇಕು, ಕೆಳಗಿನ ಅಂಚಲ್ಲ. ಮೂರು ಸಲವೂ 18.2, 18.2, 18.2 ಅಂತ ಇದ್ದು ಪಕ್ಕದ ಟೇಬಲ್‌ನಲ್ಲೂ ಅದೇ ಇದ್ರೆ ಫಾಲ್ಟ್ ಬ್ಯೂರೆಟ್‌ನಲ್ಲಂತೂ ಅಲ್ಲ, ಹೆಚ್ಚು ಹೇಳೋದು ಬೇಡ.

ರೀಡಿಂಗ್ ಚೆನ್ನಾಗಿದ್ದು ಲೆಕ್ಕ ಮಾತ್ರ ತಪ್ಪಿದ್ರೆ ಎರಡು ಕಡೆ ನೋಡಿ. ಒಂದು, ಆಕ್ಸಾಲಿಕ್ ಆ್ಯಸಿಡ್ ಬಾಟ್ಲಲ್ಲಿರೋದು ಎರಡು ಅಣು ನೀರು ಹೊತ್ಕೊಂಡಿರೋ ಹರಳು, ಮೋಲಾರ್ ತೂಕ 126, ಮಕ್ಕಳು ನೀರು ಮರೆತು 90 ಅಂತ ಹಾಕ್ತಾರೆ. 250 ಎಂಎಲ್‌ಗೆ 0.05 ಮೋಲಾರ್ ಬೇಕಂದ್ರೆ 1.575 ಗ್ರಾಂ ತೂಗ್ಬೇಕು, 90 ಅಂತ ಲೆಕ್ಕ ಹಾಕಿ 1.125 ಗ್ರಾಂ ತೂಗಿದ್ರೆ ನಿಜವಾಗಿ ಸಿಗೋದು 0.036ರಷ್ಟೇ. ಎರಡನೇದು ನಮ್ಮೆಲ್ಲರ ಮುದ್ದಿನ ಎಂ ಒನ್ ವಿ ಒನ್ ಈಕ್ವಲ್ಸ್ ಎಂ ಟು ವಿ ಟು (ಎಂ ಅಂದ್ರೆ ಮೋಲಾರಿಟಿ, ವಿ ಅಂದ್ರೆ ವಾಲ್ಯೂಮ್). ಅದನ್ನ ಮಂತ್ರದ ಥರ ಎಲ್ಲಾ ಕಡೆ ಹಾಕ್ತಾರೆ. ಇಲ್ಲಿ 2 ಪರ್ಮಾಂಗನೇಟ್‌ಗೆ 5 ಆಕ್ಸಾಲಿಕ್ ಆ್ಯಸಿಡ್. 0.05 ಮೋಲಾರ್ ಆಕ್ಸಾಲಿಕ್ ಆ್ಯಸಿಡ್ 20 ಎಂಎಲ್‌ಗೆ ಪರ್ಮಾಂಗನೇಟ್ ಸರಿಯಾಗಿ 20 ಎಂಎಲ್ ಹಿಡಿಸಿದ್ರೆ ಮಂತ್ರದ ಪ್ರಕಾರ ಅದೂ 0.05, ನಿಜ ಉತ್ತರ 0.02. ಮಂತ್ರ ಮರೆತು ಇಡ್ಲಿ ವಡೆ ನೆನಪಿಸ್ಕೊಂಡ್ರೆ ಇದು ತಪ್ಪೋದೇ ಇಲ್ಲ, ಐದಕ್ಕೆ ಎರಡು, ಅಷ್ಟೇ.

ಲಕ್ಷಣ: ರೂಮಲ್ಲಿ ಎಲ್ಲಾ ಬರತ್ತೆ, ಹಾಲ್‌ನಲ್ಲಿ ಖಾಲಿ

"ಮೇಡಂ, ರಾತ್ರಿ ಎರಡು ಗಂಟೆ ತನಕ ಓದ್ದೆ, ಎಲ್ಲಾ ಗೊತ್ತಿತ್ತು". ಹೆಂಗೆ ಓದಿದೆ ಅಂತ ಕೇಳಿ, ಏನು ಓದಿದೆ ಅಂತ ಕೇಳಬೇಡಿ. ಬಹುತೇಕ ಉತ್ತರ, ನೋಟ್ಸ್ ನಾಲ್ಕು ಸಲ ಓದ್ದೆ, ಹೈಲೈಟರ್ ಹಾಕ್ದೆ, ಪಾಸಿಂಗ್ ಪ್ಯಾಕೇಜ್‌ನಲ್ಲಿರೋ ಸಾಲ್ವ್ ಮಾಡಿದ ಲೆಕ್ಕ ನೋಡ್ಕೊಂಡೆ. ನೋಡ್ಕೊಂಡೆ ಅನ್ನೋ ಪದದಲ್ಲೇ ಫಾಲ್ಟ್ ಇದೆ. ಬೇರೆಯವರು ಮಾಡಿದ ಲೆಕ್ಕ ನೋಡ್ತಾ ಹೋದ್ರೆ ಪ್ರತಿ ಸಾಲಿಗೂ ತಲೆ ಹೌದು ಅನ್ನತ್ತೆ, ಗೊತ್ತಿದೆ ಅನ್ನೋ ಭ್ರಮೆ ಹುಟ್ಟತ್ತೆ. 2006ರಲ್ಲಿ ಅಮೆರಿಕದ ರೋಡಿಗರ್ ಮತ್ತು ಕಾರ್ಪಿಕೆ ಅನ್ನೋ ಇಬ್ಬರು ಇದನ್ನೇ ಪರೀಕ್ಷೆ ಮಾಡಿ ನೋಡಿದ್ರು, ಕೊಟ್ಟಿದ್ದನ್ನ ಮತ್ತೆ ಮತ್ತೆ ಓದಿದವರು ಐದು ನಿಮಿಷ ಬಿಟ್ಟು ಕೇಳಿದಾಗ ಮುಂದಿದ್ರು, ವಾರ ಬಿಟ್ಟು ಕೇಳಿದಾಗ ಪುಸ್ತಕ ಮುಚ್ಚಿ ನೆನಪಿಸ್ಕೊಂಡು ಬರೆದಿದ್ದವರು ಮುಂದೆ. ಹಾಸ್ಟೆಲ್‌ನ ರಾತ್ರಿ ಎರಡು ಗಂಟೆಗೆ ಎಲ್ಲಾ ಬರತ್ತೆ ಅನ್ಸೋದು ಆ ಐದು ನಿಮಿಷದ ಲೆಕ್ಕ.

ರಿಪೇರಿಗೆ ನಾನು ಹೇಳೋದು, ಸಾಲ್ವ್ ಮಾಡಿರೋ ಲೆಕ್ಕದ ಮೇಲೆ ಒಂದು ಪೋಸ್ಟ್‌ಕಾರ್ಡೋ ಬಸ್ ಪಾಸೋ ಇಟ್ಟು ಒಂದೊಂದೇ ಸಾಲು ಕೆಳಗೆ ಜರುಗಿಸಿ, ಪ್ರತಿ ಸಾಲು ಕಾಣೋ ಮುಂಚೆ ಮುಂದೇನು ಬರತ್ತೆ ಅಂತ ನೀವೇ ಬರೀರಿ. ಮಾರನೇ ದಿನ ಸಂಖ್ಯೆ ಬದಲಾಯಿಸಿ ಖಾಲಿ ಹಾಳೇಲಿ ಅದೇ ಲೆಕ್ಕ. ಬೇಜಾರಿನ ಕೆಲಸ, ಖುಷಿ ಕೊಡಲ್ಲ, ಹೈಲೈಟರ್‌ನಷ್ಟು ಚೆಂದನೂ ಕಾಣಲ್ಲ.

ಇಷ್ಟು ನೋಡಿದ್ರೂ ಫಾಲ್ಟ್ ಸಿಗ್ಲಿಲ್ಲ ಅಂದ್ರೆ

ಆಗ ನೋಟ್ಸ್ ತರಿಸಿ, ಟೆಕ್ಸ್ಟ್‌ಬುಕ್ ಅಲ್ಲ, ಕ್ಲಾಸಲ್ಲಿ ಕೂತು ಬರೆದ ನೋಟ್ಸ್. ಒಬ್ಬ ಹುಡುಗನ ವಿಷಯದಲ್ಲಿ ನಾನು ಮೂರು ವಾರ ಇಡ್ಲಿ ವಡೆ ಹುಣಸೆ ಬೀಜ ಎಲ್ಲಾ ಪ್ರಯೋಗ ಮಾಡಿ ಸೋತಿದ್ದೆ, ಎದುರಿಗೆ ಕೂತಾಗ ಸರಿ ಮಾಡ್ತಾನೆ, ಮನೆಗೆ ಹೋಗಿ ಮಾಡಿದ್ದೆಲ್ಲಾ ತಪ್ಪು. ನೋಟ್ಸ್ ತೆಗೆದು ನೋಡಿದ್ರೆ ಸೋಡಿಯಂ ಕಾರ್ಬೊನೇಟ್‌ನಲ್ಲಿ ಸೋಡಿಯಂ ಕೆಳಗಿನ 2 ಇಲ್ಲ, ಸಲ್ಫ್ಯೂರಿಕ್ ಆ್ಯಸಿಡ್‌ನಲ್ಲಿ 4ರ ಬದಲು 9, ಪ್ಲಸ್ ಚಾರ್ಜ್ ಇರೋ ಕಡೆ ಬರೀ ಚುಕ್ಕೆ. ಯಾವ ಬೆಂಚಪ್ಪಾ ನಿಂದು ಅಂದೆ. ಕೊನೇದು ಮೇಡಂ, ಬಸ್ ಲೇಟಾಗತ್ತೆ, ಮುಂದೆ ಜಾಗ ಇರಲ್ಲ. ಎದ್ದು ಹೋಗಿ ಬೋರ್ಡ್ ಮೇಲೆ ಕಾಪರ್ ಸಲ್ಫೇಟ್ ಸೂತ್ರ ಬರೆದು ಬಾಗಿಲ ಹತ್ರ ನಿಂತ್ಕೊಂಡು ಓದು ಅಂದೆ. ಕಣ್ಣು ಕಿರಿದು ಮಾಡ್ದ. "ಸಿಯು ಎಸ್ ಓ... ಅದು 4 ಆ 9 ಆ ಮೇಡಂ?"

ಆ ವಾರ ತಾಲೂಕು ಆಸ್ಪತ್ರೆಗೆ ಹೋಗಿ ಬಂದ, ಮೈನಸ್ ಎರಡೂವರೆ. ಕನ್ನಡಕ ಬರೋ ತನಕ ಎರಡನೇ ಬೆಂಚಲ್ಲಿ ಒಂದು ಜಾಗ ಹಿಡಿದಿಡೋಕೆ ಅವನ ಗೆಳೆಯರಿಗೆ ಹೇಳಿದ್ದೆ, ಹಳೇ ನೋಟ್ಸ್‌ನ ಮಾತ್ರ ಮೊದಲಿಂದ ಇನ್ನೊಬ್ಬಳ ಪುಸ್ತಕ ನೋಡಿ ಮತ್ತೆ ಬರೆಯೋಕೆ ಹಚ್ಚಿದೆ, ಯಾಕಂದ್ರೆ ಅದರಲ್ಲಿ ಯಾವ ಅಂಕಿ ನಂಬೋದು ಯಾವುದು ಬಿಡೋದು ಅಂತ ಅವನಿಗೂ ಗೊತ್ತಿರ್ಲಿಲ್ಲ, ನಂಗೂ ಗೊತ್ತಿರ್ಲಿಲ್ಲ.